ಮುರಿದ ಈಟಿ: ಒಬ್ಬ ಅಪ್ಪ, ನಾಲ್ಕು ಗಂಡುಮಕ್ಕಳು, ಮರೆತುಹೋದ ಒಂದು ವೆಸ್ಟರ್ನ್

ವೆಸ್ಟರ್ನ್ ಸಿನಿಮಾ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ಕಣ್ಮುಂದೆ ಬರೋದು ಕ್ಲಿಂಟ್ ಈಸ್ಟ್‌ವುಡ್, ಬಾಯಲ್ಲಿ ಚುಟ್ಟಾ, ಹಿಂದೆ ಆ ಸಿಳ್ಳೆ ಮ್ಯೂಸಿಕ್. ಇಲ್ಲಾಂದ್ರೆ ವೆಸ್ಟರ್ನ್‌ಗಳ ಪ್ರಭಾವದಲ್ಲಿ ಹುಟ್ಟಿ, ನಮ್ಮ ರಾಮನಗರದ ಬಂಡೆಗಳ ನಡುವೆ ಶೂಟ್ ಆದ 'ಶೋಲೆ'. ಕುದುರೆ, ಧೂಳು, ಗನ್ನು, ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು, ಕೊನೆಗೆ ಢಮಾರ್. ಇಷ್ಟೇ ತಾನೆ ಅಂತ ಅಂದುಕೊಂಡಿರೋರಿಗೆ ನಾನು ಒಂದು ಸಿನಿಮಾ ಹೇಳ್ತೀನಿ. ಇದರಲ್ಲೂ ಕುದುರೆ ಇದೆ, ಗನ್ನೂ ಇದೆ. ಆದರೆ ಜಗಳ ನಡೆಯೋದು ಆಸ್ತಿ ಪಾಲಿನ ಬಗ್ಗೆ, ಊಟದ ಟೇಬಲ್ ಮೇಲೆ, ಕೋರ್ಟಿನಲ್ಲಿ. ಅಂದರೆ ನಮಗೆಲ್ಲ ಚೆನ್ನಾಗಿ ಗೊತ್ತಿರೋ ಜಾಗಗಳಲ್ಲಿ.

ಸಿನಿಮಾದ ಹೆಸರು 'ಬ್ರೋಕನ್ ಲ್ಯಾನ್ಸ್', ಅಂದರೆ ಮುರಿದ ಈಟಿ. 1954ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿ ತೆಗೆದದ್ದು. ನಿರ್ದೇಶಕ ಎಡ್ವರ್ಡ್ ಡಿಮಿಟ್ರಿಕ್. ಅಪ್ಪನ ಪಾತ್ರದಲ್ಲಿ ಸ್ಪೆನ್ಸರ್ ಟ್ರೇಸಿ, ಹಿರಿಮಗನಾಗಿ ರಿಚರ್ಡ್ ವಿಡ್‌ಮಾರ್ಕ್, ಕಿರಿಮಗನಾಗಿ ರಾಬರ್ಟ್ ವ್ಯಾಗ್ನರ್. ಉದ್ದ ಸುಮಾರು ಒಂದೂವರೆ ಗಂಟೆ. ಒಂದು ಕನ್ನಡ ಸಿನಿಮಾದ ಇಂಟರ್ವಲ್ ಆಗಿ ಪಾಪ್‌ಕಾರ್ನ್ ಮುಗಿಯೋಷ್ಟರಲ್ಲಿ ಇದು ಮುಗಿದಿರುತ್ತೆ.

ಒಂದು ಎಚ್ಚರಿಕೆ: ಮುಂದೆ ಕಥೆ ಪೂರ್ತಿ ಹೇಳ್ತೀನಿ. ಆದರೆ ಅಪ್ಪ ಸತ್ತಿದ್ದಾನೆ, ಮನೆ ಒಡೆದಿದೆ ಅನ್ನೋದನ್ನ ಸಿನಿಮಾನೇ ಶುರುವಿನಲ್ಲಿ ತಿಳಿಸಿಬಿಡುತ್ತೆ. ಸಸ್ಪೆನ್ಸ್ ಇದರ ಬಂಡವಾಳ ಅಲ್ಲ.

ಕಥೆ ಏನು?

ಮೂರು ವರ್ಷ ಜೈಲಿನಲ್ಲಿದ್ದ ಜೋ ಡೆವರೋ ಬಿಡುಗಡೆ ಆಗ್ತಾನೆ. ಅವನನ್ನ ನೇರ ಗವರ್ನರ್ ಹತ್ತಿರ ಕರ್ಕೊಂಡು ಹೋಗ್ತಾರೆ. ಅಲ್ಲಿ ಅವನ ಮೂರು ಜನ ಅಣ್ಣಂದಿರು ಕಾಯ್ತಾ ಇದ್ದಾರೆ. ದುಡ್ಡು ಕೊಡ್ತೀವಿ, ದೂರದ ಒರೆಗಾನ್‌ನಲ್ಲಿ ಜಾಗ ಕೊಡ್ತೀವಿ, ಈ ಊರು ಬಿಟ್ಟು ಹೋಗು ಅಂತಾರೆ. ಜೋ ಆ ದುಡ್ಡನ್ನ ತಗೊಂಡು ಎಂಜಲು ಉಗುಳೋ ಪೀಕದಾನಿಗೆ ಹಾಕ್ತಾನೆ. ಒಂದು ಮಾತೂ ಜಾಸ್ತಿ ಆಡಲ್ಲ. ಆಮೇಲೆ ಕುದುರೆ ಹತ್ತಿ ತನ್ನ ಹಳೇ ಮನೆಗೆ ಹೋಗ್ತಾನೆ. ಮನೆ ಹಾಳುಬಿದ್ದಿದೆ. ಗೋಡೆ ಮೇಲೆ ಅಪ್ಪನ ದೊಡ್ಡ ಚಿತ್ರ. ಅದನ್ನ ನೋಡ್ತಾ ನಿಂತಾಗ ಫ್ಲ್ಯಾಶ್‌ಬ್ಯಾಕ್ ಶುರು.

ಅಪ್ಪ ಮ್ಯಾಟ್ ಡೆವರೋ ಐರ್ಲೆಂಡಿನಿಂದ ಬರಿಗೈಯಲ್ಲಿ ಬಂದವನು. ದನ ಸಾಕಿ, ಕಣ್ಣಿಗೆ ಕಾಣೋಷ್ಟು ದೂರ ಭೂಮಿ ಮಾಡಿದವನು. ಮೊದಲ ಹೆಂಡತಿಗೆ ಮೂರು ಮಕ್ಕಳು: ಬೆನ್, ಮೈಕ್, ಡೆನ್ನಿ. ಅವಳು ತೀರಿಕೊಂಡ ಮೇಲೆ ಕೊಮಾಂಚಿ ಬುಡಕಟ್ಟಿನ ಹೆಣ್ಣನ್ನ ಮದುವೆ ಆಗ್ತಾನೆ. ಅವಳ ಮಗ ಜೋ. ಊರಿನ ಜನ ಅವಳನ್ನ 'ಸೆನೋರಾ' ಅಂತ ಕರೀತಾರೆ. ಯಾಕಂದ್ರೆ ಶ್ರೀಮಂತನ ಹೆಂಡತಿ ಸ್ಪ್ಯಾನಿಷ್ ಮೂಲದವಳು ಅಂದುಕೊಂಡರೆ ಎಲ್ಲರಿಗೂ ಸಮಾಧಾನ, 'ಇಂಡಿಯನ್' ಅಂತ ಒಪ್ಪಿಕೊಂಡರೆ ಕಸಿವಿಸಿ. ಒಂದು ಹೆಸರಲ್ಲೇ ಇಡೀ ಊರಿನ ಬಣ್ಣ ಬಯಲಾಗುತ್ತೆ.

ಮ್ಯಾಟ್‌ನ ಸಮಸ್ಯೆ ಏನಂದ್ರೆ, ಅವನಿಗೆ ಭೂಮಿ ಮಾಡೋಕೆ ಗೊತ್ತು, ಹಂಚೋಕೆ ಗೊತ್ತಿಲ್ಲ. ಮಕ್ಕಳೆಲ್ಲ ಬೆಳೆದು ಗಂಡಸರಾಗಿದ್ದಾರೆ, ಆದರೂ ಆಳುಗಳ ಹಾಗೆ ದುಡಿಸ್ಕೋತಾನೆ. ಸಾಲದ್ದಕ್ಕೆ ಅಪ್ಪನ ದನಗಳನ್ನ ಕದಿಯೋರು ಯಾರು ಅಂತ ನೋಡಿದ್ರೆ, ಸಿಕ್ಕಿಬೀಳೋದು ಅವನ ಮಕ್ಕಳೇ!

ಹೀಗಿರೋವಾಗ ಮೇಲಿನ ತಾಮ್ರದ ಗಣಿಯಿಂದ ಹೊಳೆಗೆ ಕೊಳಕು ನೀರು ಬರುತ್ತೆ, ದನಗಳು ಸಾಯ್ತವೆ. ಮ್ಯಾಟ್ ಗಣಿಗೆ ಹೋಗಿ ಜಗಳ ಆಡ್ತಾನೆ. ಅಲ್ಲಿ ಮಾತು ನಡೆಯದೆ ಹೋದಾಗ ತನ್ನ ಜನರನ್ನ ಕಟ್ಕೊಂಡು ಹೋಗಿ ಗಣಿಯನ್ನ ಧ್ವಂಸ ಮಾಡ್ತಾನೆ. ಕೇಸ್ ಆಗುತ್ತೆ. ಆಸ್ತಿ ಉಳಿಸಿಕೊಳ್ಳೋ ಸಲುವಾಗಿ ಭೂಮಿಯನ್ನ ಮಕ್ಕಳ ಹೆಸರಿಗೆ ಹಂಚಬೇಕಾಗುತ್ತೆ. ಜೈಲಿಗೆ ಹೋಗೋರು ಯಾರು? ತಪ್ಪು ನಂದು ಅಂತ ಕಿರಿಮಗ ಜೋ ಮುಂದೆ ಬರ್ತಾನೆ. ಮೂರು ವರ್ಷ ಶಿಕ್ಷೆ.

ಜೋ ಒಳಗೆ ಹೋದ ಮೇಲೆ ಅಧಿಕಾರ ಬೆನ್ ಕೈಗೆ ಬರುತ್ತೆ. ಅಪ್ಪನ ಮಾತಿಗೆ ಈಗ ಬೆಲೆ ಇಲ್ಲ. ಅಪ್ಪನಿಗೆ ಸ್ಟ್ರೋಕ್ ಆಗುತ್ತೆ. ಕೊನೆಗೆ ಮಕ್ಕಳನ್ನ ತಡೆಯೋಕೆ ಅಂತ ಆ ಸ್ಥಿತಿಯಲ್ಲೇ ಕುದುರೆ ಹತ್ತಿ ಹೊರಡ್ತಾನೆ, ಕುದುರೆ ಮೇಲೆ ಕೂತಲ್ಲೇ ಪ್ರಾಣ ಬಿಡ್ತಾನೆ.

ಬೆನ್ ಹೇಳೋದ್ರಲ್ಲಿ ತಪ್ಪೇನಿದೆ?

ನನ್ನ ಪ್ರಕಾರ ಈ ಸಿನಿಮಾ ದೊಡ್ಡದಾಗೋದು ಇಲ್ಲೇ. ಬೆನ್ ವಿಲನ್. ಅದರಲ್ಲಿ ಡೌಟ್ ಇಲ್ಲ. ಆದರೆ ಅವನ ದೂರನ್ನ ಒಂದು ಕಾಗದದ ಮೇಲೆ ಬರೆದು ನೋಡಿ. ಹಿರಿಮಗ, ಚಿಕ್ಕ ವಯಸ್ಸಿನಿಂದ ಅಪ್ಪನ ಜೊತೆ ದುಡಿದವನು. ಈ ಭೂಮಿ ಭೂಮಿ ಆಗೋ ಮುಂಚೆಯಿಂದ ಇದ್ದವನು. ಇಷ್ಟಾದ್ರೂ ಸ್ವಂತ ಅಂತ ಒಂದು ಎಕರೆ ಇಲ್ಲ, ಒಂದು ನಿರ್ಧಾರದಲ್ಲೂ ಪಾಲಿಲ್ಲ. ಅಪ್ಪನ ಪ್ರೀತಿ ಎಲ್ಲ ಕಿರಿಯವನಿಗೆ. ಕಾಲ ಬದಲಾಗ್ತಿದೆ, ದನ ಸಾಕೋದೊಂದನ್ನೇ ನಂಬಿಕೊಂಡು ಇರೋಕಾಗಲ್ಲ ಅಂತ ಬೆನ್ ಹೇಳಿದ್ರೆ ಅಪ್ಪ ಕಿವಿಗೇ ಹಾಕ್ಕೊಳ್ಳಲ್ಲ.

ಇದರಲ್ಲಿ ಒಂದಾದ್ರೂ ಸುಳ್ಳಿದೆಯಾ? ಇಲ್ಲ. ಕಾಲ ಬದಲಾಗ್ತಿದೆ ಅನ್ನೋದಂತೂ ಇತಿಹಾಸಾನೇ ಹೇಳೋ ಮಾತು. ಸಿನಿಮಾದ ಶೂಟಿಂಗ್ ನಡೆದ ಅರಿಜೋನಾದಲ್ಲಿ 1880ರ ಹೊತ್ತಿಗೆ ಟೂಸಾನ್‌ವರೆಗೆ ರೈಲು ಬಂದಿತ್ತು. ಅದೇ ಸುಮಾರಿಗೆ ಬಿಸ್ಬೀ ಅನ್ನೋ ಊರಲ್ಲಿ ತಾಮ್ರದ ಗಣಿ ಶುರುವಾಗಿತ್ತು. ಮುಳ್ಳುತಂತಿಗೆ 1874ರಲ್ಲೇ ಪೇಟೆಂಟ್ ಸಿಕ್ಕಿತ್ತು, ದನಗಳು ಎಲ್ಲಿ ಬೇಕಾದ್ರೂ ಮೇಯೋ ಕಾಲ ಮುಗೀತಾ ಬಂದಿತ್ತು. ಅಮೆರಿಕದಲ್ಲಿ ಇವತ್ತಿಗೂ ಅತಿ ಹೆಚ್ಚು ತಾಮ್ರ ತೆಗೆಯೋ ರಾಜ್ಯ ಅರಿಜೋನಾ. ಲೆಕ್ಕದ ಪ್ರಕಾರ ಬೆನ್ ಸರಿ, ಮ್ಯಾಟ್ ತಪ್ಪು.

ಆದರೆ ಮ್ಯಾಟ್ ಕೂಡ ಸರಿನೇ. ಹೊಳೆಯಲ್ಲಿ ವಿಷ ಹರೀತಿದೆ. ಗಣಿ ಪ್ರದೇಶದಲ್ಲಿ ಇದು ಹೇಗಾಗುತ್ತೆ ಅಂತ ನಮಗೆ ಪರಿಸರ ಪಾಠದಲ್ಲಿ ಬಂದಿದೆ. ತಾಮ್ರದ ಅದಿರಿನಲ್ಲಿ ಹೆಚ್ಚಾಗಿ ಸಲ್ಫೈಡ್ ಇರುತ್ತೆ. ಅದನ್ನ ಅಗೆದು ಹೊರಗೆ ಹಾಕಿದಾಗ ಗಾಳಿ, ನೀರು ತಾಗಿ ಸಲ್ಫ್ಯೂರಿಕ್ ಆಸಿಡ್ ಹುಟ್ಟುತ್ತೆ. ಆ ಆಸಿಡ್ ಕಲ್ಲಿನಲ್ಲಿರೋ ಲೋಹಗಳನ್ನ ಕರಗಿಸ್ಕೊಂಡು ಹೊಳೆಗೆ ಸೇರುತ್ತೆ. ಗಣಿ ಮುಚ್ಚಿದ ಮೇಲೂ ಎಷ್ಟೋ ವರ್ಷ ಇದು ನಿಲ್ಲಲ್ಲ. ಸಿನಿಮಾ ಈ ಕೆಮಿಸ್ಟ್ರಿ ಎಲ್ಲ ಹೇಳಲ್ಲ, ಸತ್ತು ಬಿದ್ದ ದನ ತೋರಿಸುತ್ತೆ ಅಷ್ಟೇ. 1954ರ ಒಂದು ಕಮರ್ಷಿಯಲ್ ಸಿನಿಮಾ ಕಾರ್ಖಾನೆ ಮಾಲಿನ್ಯವನ್ನ ಕಥೆಯ ತಿರುವು ಮಾಡಿಕೊಂಡಿದೆ ಅನ್ನೋದೇ ಆಶ್ಚರ್ಯ.

ಅಂದರೆ ಅಪ್ಪನ ದೂರು ಸರಿ, ಅವನು ಹಿಡಿದ ದಾರಿ ತಪ್ಪು. ಮಗನ ದೂರೂ ಸರಿ, ಅವನು ಹಿಡಿದ ದಾರಿಯೂ ತಪ್ಪು. ಇಬ್ಬರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು. ಕೇಳಬೇಕಾದ್ದನ್ನ ಕೇಳದೆ ಕಿತ್ಕೊಳ್ಳೋದನ್ನ ಬೆನ್ ಬೇರೆ ಎಲ್ಲಿಂದಲೂ ಕಲಿತಿಲ್ಲ, ಅಪ್ಪನಿಂದಲೇ ಕಲಿತದ್ದು. ಜೋ ಒಳ್ಳೆಯವನು ನಿಜ, ಆದರೆ ಅವನಿಗೆ ಒಳ್ಳೆಯವನಾಗಿರೋದು ಸುಲಭ. ಅವನಿಗೆ ಪ್ರೀತಿ ಕೇಳದೇ ಸಿಕ್ಕಿದೆ. ಬೆನ್‌ಗೆ ದುಡಿದರೂ ಸಿಕ್ಕಿಲ್ಲ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಆ ಗಾದೆ ಅಣ್ಣತಮ್ಮಂದಿರನ್ನ ಮಾತ್ರ ದೂರುತ್ತೆ. ಈ ಸಿನಿಮಾ ಒಂದು ಹೆಜ್ಜೆ ಹಿಂದೆ ಹೋಗಿ, ಬೆಳೆಯುತ್ತಾ ಇದ್ದಾಗ ಅಪ್ಪ ಏನು ಮಾಡ್ತಿದ್ದ ಅಂತ ಕೇಳುತ್ತೆ.

ನೋಡಲೇಬೇಕಾದ ಮೂರು ಜಾಗ

ಮೊದಲನೇದು ಕೋರ್ಟ್ ಸೀನ್. ಸ್ಪೆನ್ಸರ್ ಟ್ರೇಸಿ ಕಟಕಟೆಯಲ್ಲಿ ಕೂತಿದ್ದಾನೆ. ತನ್ನ ಭೂಮಿಯಲ್ಲಿ ಅವನ ಮಾತೇ ಕಾನೂನು. ಇಲ್ಲಿ ಒಬ್ಬ ವಕೀಲ ಪ್ರಶ್ನೆ ಮೇಲೆ ಪ್ರಶ್ನೆ ಹಾಕ್ತಾನೆ, ಇವನು ಉತ್ತರ ಕೊಡಲೇಬೇಕು. ಟ್ರೇಸಿ ಕಿರುಚಾಡಿ ಆಕ್ಟ್ ಮಾಡೋ ನಟ ಅಲ್ಲ. ಕಣ್ಣಲ್ಲಿ, ಕುತ್ತಿಗೆಯಲ್ಲಿ ಸಿಟ್ಟು ಏರೋದು ಕಾಣುತ್ತೆ. ತಾನು ಹೇಳ್ತಿರೋ ಒಂದೊಂದು ಮಾತೂ ತನ್ನನ್ನೇ ಮುಳುಗಿಸ್ತಿದೆ ಅಂತ ನಮಗೆ ಗೊತ್ತಾಗುತ್ತೆ, ಅವನಿಗೆ ಗೊತ್ತಾಗೋದು ತಡ. ಹಳೇ ಕಾಲ ಸೋತಿದ್ದು ಗುಂಡಿನ ಕಾಳಗದಲ್ಲಿ ಅಲ್ಲ, ಪಾಟೀಸವಾಲಿನಲ್ಲಿ ಅಂತ ಈ ಸೀನ್ ತೋರಿಸುತ್ತೆ.

ಎರಡನೇದು ಗವರ್ನರ್ ಜೊತೆಗಿನ ಮಾತುಕತೆ. ಗವರ್ನರ್ ಮ್ಯಾಟ್‌ನ ಹಳೇ ಗೆಳೆಯ, ಮ್ಯಾಟ್‌ನ ಬೆಂಬಲದಿಂದ ಮೇಲೆ ಬಂದವನು. ಅವನ ಮಗಳು ಬಾರ್ಬರಾ ಜೋನನ್ನ ಇಷ್ಟಪಡ್ತಾಳೆ. ನಿನ್ನ ಮಗನನ್ನ ನನ್ನ ಮಗಳಿಂದ ದೂರ ಇಡು ಅಂತ ಗವರ್ನರ್ ಕೇಳಿಕೊಳ್ತಾನೆ. ಕಾರಣ, ಜೋ ಅಮ್ಮ ಬುಡಕಟ್ಟಿನವಳು. ಗವರ್ನರ್ ಕೆಟ್ಟ ಮನುಷ್ಯ ಅಲ್ಲ, ಸಂಕೋಚದಿಂದಲೇ ಹೇಳ್ತಾನೆ. ಅದಕ್ಕೇ ಹೆಚ್ಚು ಚುಚ್ಚುತ್ತೆ. "ನಂಗೇನಿಲ್ಲಪ್ಪ, ಆದ್ರೆ ಮನೇಲಿ ಹಿರಿಯರು, ನಾಲ್ಕು ಜನ ಏನಂತಾರೆ" ಅನ್ನೋ ಧಾಟಿಯ ಮಾತು ಜಾತಿ ವಿಷಯಕ್ಕೆ ನಮ್ಮಲ್ಲೂ ಬರುತ್ತಲ್ಲ, ಅದರ ತದ್ರೂಪು. ಇಡೀ ಭೂಮಿ ಕೊಂಡುಕೊಳ್ಳಬಲ್ಲ ಮ್ಯಾಟ್‌ಗೆ ಇದೊಂದನ್ನ ಕೊಂಡುಕೊಳ್ಳೋಕಾಗಲ್ಲ.

ಮೂರನೇದು ಅಪ್ಪನ ಅಂತ್ಯಕ್ರಿಯೆ. ಜೋನನ್ನ ಜೈಲಿಂದ ಕಾವಲಿನಲ್ಲಿ ಕರ್ಕೊಂಡು ಬರ್ತಾರೆ. ಅವನು ಮಾತಾಡಲ್ಲ. ಈಟಿಯನ್ನ ನೆಲಕ್ಕೆ ನೆಡ್ತಾನೆ. ಅಮ್ಮನ ಕಡೆಯ ಸಂಪ್ರದಾಯದ ಪ್ರಕಾರ ಅದು ರಕ್ತದ್ವೇಷದ ಘೋಷಣೆ. ಅಣ್ಣಂದಿರಿಗೆ ಅರ್ಥ ಆಗುತ್ತೆ.

ಕೊನೆಯಲ್ಲಿ ಅಮ್ಮನ ಮಾತು ಕೇಳಿ ಜೋ ಸೇಡು ಬಿಡೋಕೆ ಒಪ್ತಾನೆ. ಬೆನ್ ಬಿಡಲ್ಲ. ಹೊಡೆದಾಟ ಆಗುತ್ತೆ, ಬೆನ್ ಜೋಗೆ ಗುಂಡು ಹಾರಿಸೋ ಹೊತ್ತಿಗೆ ಮ್ಯಾಟ್‌ನ ನಂಬಿಕಸ್ಥ ಕೊಮಾಂಚಿ ಆಳು ಟೂ ಮೂನ್ಸ್ ಬೆನ್‌ಗೆ ಗುಂಡು ಹೊಡೀತಾನೆ. ಆಮೇಲೆ ಜೋ ಅಪ್ಪನ ಸಮಾಧಿ ಹತ್ತಿರ ಹೋಗಿ, ತಾನೇ ನೆಟ್ಟ ಈಟಿಯನ್ನ ಕಿತ್ತು ಎರಡು ತುಂಡು ಮಾಡ್ತಾನೆ. ಹೆಸರಿನ ಅರ್ಥ ಅಲ್ಲಿ ತಿಳಿಯುತ್ತೆ. ಅಪ್ಪನಿಂದ ಭೂಮಿ ಬರುತ್ತೆ, ಸಿಟ್ಟೂ ಬರುತ್ತೆ. ಭೂಮಿ ಇಟ್ಕೋಬಹುದು, ಸಿಟ್ಟನ್ನ ಯಾರಾದರೂ ಒಬ್ಬರು ಅಲ್ಲಿಗೇ ಮುರಿದು ಹಾಕಬೇಕು.

ಒಂದೇ ಕಥೆ, ಮೂರು ವೇಷ

ಇದು ಒರಿಜಿನಲ್ ಕಥೆ ಅಲ್ಲ! ಜೆರೋಮ್ ವೀಡ್‌ಮನ್ ಬರೆದ ಒಂದು ಕಾದಂಬರಿಯನ್ನ ಆಧರಿಸಿ 1949ರಲ್ಲಿ ಅದೇ ಫಾಕ್ಸ್ ಕಂಪನಿ 'ಹೌಸ್ ಆಫ್ ಸ್ಟ್ರೇಂಜರ್ಸ್' ಅಂತ ಸಿನಿಮಾ ಮಾಡಿತ್ತು. ಅದರಲ್ಲಿ ಅಪ್ಪ ನ್ಯೂಯಾರ್ಕ್‌ನಲ್ಲಿರೋ ಇಟಲಿ ಮೂಲದ ಬ್ಯಾಂಕರ್. ಲೆಕ್ಕಪತ್ರ ಇಲ್ಲದೆ ಸಾಲ ಕೊಡ್ತಾನೆ, ಬ್ಯಾಂಕಿನ ಕಾನೂನಿಗೆ ಸಿಕ್ಕಿಬೀಳ್ತಾನೆ. ಅಲ್ಲೂ ನಾಲ್ಕು ಮಕ್ಕಳು, ಅಲ್ಲೂ ಅಪ್ಪನ ಮುದ್ದಿನ ಮಗ ಜೈಲಿಗೆ ಹೋಗಿ ಬರ್ತಾನೆ. ಅಪ್ಪನ ಪಾತ್ರ ಮಾಡಿದ ಎಡ್ವರ್ಡ್ ಜಿ. ರಾಬಿನ್ಸನ್‌ಗೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಐದು ವರ್ಷ ಆದ ಮೇಲೆ ಅದೇ ಕಥೆಯಿಂದ ಬ್ಯಾಂಕ್ ತೆಗೆದು ದನ ಹಾಕಿದ್ರು, 'ಬ್ರೋಕನ್ ಲ್ಯಾನ್ಸ್' ಆಯ್ತು. 1961ರಲ್ಲಿ ದನ ತೆಗೆದು ಸರ್ಕಸ್ ಹಾಕಿದ್ರು, 'ದ ಬಿಗ್ ಶೋ' ಆಯ್ತು.

ಇದರಲ್ಲಿ ತಮಾಷೆ ಏನಂದ್ರೆ, 1949ರ ಸಿನಿಮಾ ಬರೆದ ಫಿಲಿಪ್ ಯೋರ್ಡನ್‌ಗೆ 'ಬ್ರೋಕನ್ ಲ್ಯಾನ್ಸ್'ಗಾಗಿ ಅತ್ಯುತ್ತಮ ಕಥೆಯ ಆಸ್ಕರ್ ಬಂತು. ಹಳೇ ಕಥೆಗೆ ಹೊಸ ಆಸ್ಕರ್! ನಮ್ಮಲ್ಲಿ ರೀಮೇಕ್ ಅಂದ್ರೆ ಒಂಥರಾ ಬೈಗುಳ. ಆದರೆ ಈ ರೀಮೇಕ್ ಕಾಪಿ ಹೊಡೆದದ್ದಲ್ಲ. ಬ್ಯಾಂಕ್ ಜಾಗಕ್ಕೆ ಭೂಮಿ ಬಂದಾಗ ಕಥೆಯ ತೂಕ ಬದಲಾಯ್ತು. ಬ್ಯಾಂಕ್ ಹೋದರೆ ಹಣ ಹೋಯ್ತು, ಅಷ್ಟೇ. ಭೂಮಿ ಅಂದಾಗ, ಅದು ಮೊದಲು ಯಾರದಾಗಿತ್ತು ಅನ್ನೋ ಪ್ರಶ್ನೆನೂ ಬರುತ್ತೆ. ಆ ಪ್ರಶ್ನೆಯನ್ನ ಮನೆಯೊಳಗೇ ತರೋಳು ಸೆನೋರಾ. 1949ರ ಸಿನಿಮಾದಲ್ಲಿ ಈ ಎಳೆ ಇರಲೇ ಇಲ್ಲ.

ಶೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್' ಗೊತ್ತಿರೋರಿಗೆ ಇನ್ನೊಂದು ಹೋಲಿಕೆ ಹೊಳೀಬಹುದು. ಅಲ್ಲೂ ಮುದುಕ ಅಪ್ಪ ರಾಜ್ಯ ಹಂಚಿ ಅನಾಥ ಆಗ್ತಾನೆ. ವ್ಯತ್ಯಾಸ ಏನಂದ್ರೆ, ಲಿಯರ್ ತಾನಾಗಿ ಹಂಚ್ತಾನೆ. ಮ್ಯಾಟ್ ಕೇಸಿಗೆ ಹೆದರಿ ಹಂಚ್ತಾನೆ. ಪ್ರೀತಿಯಿಂದ ಹತ್ತು ವರ್ಷ ಮುಂಚೆ ಕೊಟ್ಟಿದ್ರೆ ಕೈ ಹಿಡೀತಿದ್ದ ಪಾಲು, ಬಲವಂತಕ್ಕೆ ಕೊಟ್ಟಾಗ ಅವನ ಕುತ್ತಿಗೆಗೇ ಬಂತು.

ಪರದೆ ಹಿಂದೆ

ನಿರ್ದೇಶಕ ಡಿಮಿಟ್ರಿಕ್ ಕಥೆನೇ ಒಂದು ಸಿನಿಮಾ. 1947ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿ, ಹಾಲಿವುಡ್‌ನಲ್ಲಿ ಕಮ್ಯುನಿಸ್ಟರು ಯಾರು ಅಂತ ವಿಚಾರಣೆ ಶುರು ಮಾಡ್ತು. ಉತ್ತರ ಕೊಡಲ್ಲ ಅಂದ ಹತ್ತು ಜನಕ್ಕೆ 'ಹಾಲಿವುಡ್ ಟೆನ್' ಅಂತ ಹೆಸರಾಯ್ತು. ಅವರಲ್ಲಿ ಈತ ಒಬ್ಬ. ಜೈಲಿಗೂ ಹೋದ. ಹೊರಗೆ ಬಂದ ಮೇಲೆ 1951ರಲ್ಲಿ ಮನಸ್ಸು ಬದಲಾಯಿಸಿ, ಸಮಿತಿ ಮುಂದೆ ಹಳೇ ಸಂಗಾತಿಗಳ ಹೆಸರು ಹೇಳಿದ. ಕೆಲಸ ವಾಪಸ್ ಸಿಕ್ತು, ಎಷ್ಟೋ ಗೆಳೆಯರು ಹೋದ್ರು. ಮೂರು ವರ್ಷ ಆದ ಮೇಲೆ ತೆಗೆದ ಸಿನಿಮಾ ಇದು. ಜೈಲಿಂದ ಬಂದವನಿಗೆ ದುಡ್ಡು ಕೊಟ್ಟು ಬಾಯಿ ಮುಚ್ಚಿಸೋಕೆ ನೋಡ್ತಾರೆ, ಅವನು ಒಪ್ಪಲ್ಲ. ಆ ಮೊದಲ ಸೀನನ್ನ ಇದು ತಿಳಿದ ಮೇಲೆ ಇನ್ನೊಂದು ಸಲ ನೋಡಿ, ಬೇರೆ ಥರ ಕಾಣುತ್ತೆ.

ಸೆನೋರಾ ಪಾತ್ರ ಮೊದಲು ಮೆಕ್ಸಿಕೋದ ದೊಡ್ಡ ತಾರೆ ಡೊಲೊರೆಸ್ ಡೆಲ್ ರಿಯೋಗೆ ಹೋಗಿತ್ತು. ಕಮ್ಯುನಿಸ್ಟ್ ಅನುಮಾನದ ಮೇಲೆ ಆಕೆಗೆ ಅಮೆರಿಕದಲ್ಲಿ ಕೆಲಸ ಮಾಡೋಕೆ ಅನುಮತಿ ಸಿಗಲಿಲ್ಲ. ಪಾತ್ರ ಕೇಟಿ ಹುರಾಡೋಗೆ ಬಂತು. ಈ ಪಾತ್ರಕ್ಕೇ ಆಕೆ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ಮೊದಲ ಮೆಕ್ಸಿಕನ್ ನಟಿ ಆದದ್ದು. ಆಗ ಆಕೆಗೆ ಮೂವತ್ತರ ಆಸುಪಾಸು, ಮಲಮಗನ ಪಾತ್ರದ ವಿಡ್‌ಮಾರ್ಕ್‌ಗೆ ಮೂವತ್ತೊಂಬತ್ತು! ನೋಡುವಾಗ ಅದು ಗೊತ್ತೇ ಆಗಲ್ಲ. ಆಕೆ ಸುಮ್ಮನೆ ನಿಂತರೆ ಸಾಕು, ಮನೆಯ ಹಿರಿಯಳು ಅನ್ನಿಸುತ್ತೆ.

ಕೊರತೆ ಇಲ್ಲ ಅಂತಲ್ಲ. ಮೂಲನಿವಾಸಿಗಳ ಪಾತ್ರಗಳನ್ನ ಬೇರೆಯವರೇ ಮಾಡಿದ್ದಾರೆ. ಟೂ ಮೂನ್ಸ್ ಆಗಿರೋ ಎಡ್ವರ್ಡ್ ಫ್ರಾಂಜ್ ಬಿಳಿಯ ನಟ. ಜೋ ಆಗಿರೋ ವ್ಯಾಗ್ನರ್‌ಗೆ ಮೈಬಣ್ಣ ಹಚ್ಚಿದ್ದು ಕಾಣುತ್ತೆ. ಮೈಕ್, ಡೆನ್ನಿ ಇಬ್ಬರಿಗೂ ಬೆನ್ ಹಿಂದೆ ನಿಲ್ಲೋದು ಬಿಟ್ಟರೆ ಹೆಚ್ಚು ಕೆಲಸ ಇಲ್ಲ. ಬೆನ್‌ನನ್ನ ಇನ್ನೊಬ್ಬರ ಕೈಯಿಂದ ಕೊಲ್ಲಿಸಿ, ಜೋ ಕೈ ಶುದ್ಧವಾಗಿ ಇಟ್ಟದ್ದು ಸ್ವಲ್ಪ ಸುಲಭದ ದಾರಿ ಅಂತ ನನಗೆ ಅನ್ನಿಸ್ತು. ಅಷ್ಟು ದೂರ ಇಬ್ಬರ ಕಡೆಯೂ ನಿಂತ ಸಿನಿಮಾ, ಕೊನೆ ಹತ್ತು ನಿಮಿಷದಲ್ಲಿ ಬೆನ್‌ನ ಕೈಬಿಡುತ್ತೆ.

ಹಾಗಾದ್ರೆ ಯಾಕೆ ಮರೆತುಹೋಯ್ತು?

ಒಂದು ಕಾರಣ, ಅದೇ 1954ರಲ್ಲಿ ಡಿಮಿಟ್ರಿಕ್‌ನ ಇನ್ನೊಂದು ಸಿನಿಮಾ 'ದ ಕೇನ್ ಮ್ಯೂಟಿನಿ' ಬಂದು ದೊಡ್ಡ ಹೆಸರು ಮಾಡ್ತು. ಇದು ಅದರ ನೆರಳಲ್ಲಿ ಉಳೀತು.

ಇನ್ನೊಂದು ಕಾರಣ ಟೆಕ್ನಿಕಲ್. ಇದನ್ನ ತೆಗೆದದ್ದು ಸಿನಿಮಾಸ್ಕೋಪ್‌ನಲ್ಲಿ. 1953ರಲ್ಲಿ 'ದ ರೋಬ್' ಸಿನಿಮಾ ಜೊತೆ ಫಾಕ್ಸ್ ತಂದ ಹೊಸ ತಂತ್ರ ಅದು. ಕ್ಯಾಮೆರಾದ ಅನಮಾರ್ಫಿಕ್ ಲೆನ್ಸ್ ಚಿತ್ರವನ್ನ ಅಡ್ಡಡ್ಡಕ್ಕೆ ಅರ್ಧದಷ್ಟು ಹಿಂಡಿ 35 ಎಂಎಂ ಫಿಲ್ಮ್ ಮೇಲೆ ಕೂರಿಸುತ್ತೆ, ಪ್ರೊಜೆಕ್ಟರ್‌ನ ಲೆನ್ಸ್ ಮತ್ತೆ ಎರಡರಷ್ಟು ಹಿಗ್ಗಿಸುತ್ತೆ. ಆಗಿನ ಅನುಪಾತ 2.55:1. ಇಂಥ ಸಿನಿಮಾಗಳನ್ನ ಆಗಿನ 4:3 ಟಿವಿಯಲ್ಲಿ ಹಾಕುವಾಗ ಎರಡೂ ಪಕ್ಕ ಕತ್ತರಿಸ್ತಿದ್ರು. ಲೆಕ್ಕ ಹಾಕಿ, ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು ಚಿತ್ರ ಉಳಿಯುತ್ತೆ. ಈ ಸಿನಿಮಾದಲ್ಲಿ ಅದು ಬರೀ ಗುಡ್ಡಬೆಟ್ಟದ ನಷ್ಟ ಅಲ್ಲ. ಡಿಮಿಟ್ರಿಕ್ ಕ್ಲೋಸಪ್ ಕಡಿಮೆ ಮಾಡಿ, ಮನೆಯವರನ್ನೆಲ್ಲ ಒಂದೇ ಫ್ರೇಮಿನ ಉದ್ದಕ್ಕೂ ನಿಲ್ಲಿಸ್ತಾನೆ. ಅಪ್ಪ ಮಾತಾಡುವಾಗ ಬೆನ್ ಮುಖ ನೋಡಿ. ಜೋಗೆ ಮೆಚ್ಚುಗೆ ಸಿಕ್ಕಾಗ ಅಣ್ಣಂದಿರು ಯಾವ ಕಡೆ ನೋಡ್ತಾರೆ ನೋಡಿ. ಜಗಳ ಬಾಯಿಗೆ ಬರೋ ಮುಂಚೆ ಯಾರು ಯಾರಿಂದ ಎಷ್ಟು ದೂರ ನಿಂತಿದ್ದಾರೆ ಅನ್ನೋದರಲ್ಲೇ ಕಾಣುತ್ತೆ. ಪಕ್ಕ ಕತ್ತರಿಸಿದ್ರೆ ಮೊದಲು ಹೋಗೋದು ಆ ಅಣ್ಣಂದಿರೇ!

ಅದಕ್ಕೇ ಒಂದು ಸಲಹೆ. ಮೊಬೈಲ್‌ನಲ್ಲಿ ನೋಡಬೇಡಿ. ಪೂರ್ತಿ ಅಗಲದ ಪ್ರಿಂಟ್ ಹುಡುಕಿ, ಲ್ಯಾಪ್‌ಟಾಪ್‌ನಲ್ಲೋ ಹಾಸ್ಟೆಲ್ ಕಾಮನ್ ರೂಮಿನ ಟಿವಿಯಲ್ಲೋ ಹಾಕಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದ್ರೆ ಖುಷಿಪಡಿ, ಸರಿಯಾದ ಪ್ರಿಂಟ್ ಸಿಕ್ಕಿದೆ ಅಂತ ಅರ್ಥ.

ನಮ್ಮ ಕ್ಲಾಸಲ್ಲೇ ಎಷ್ಟೋ ಜನ ಇದ್ದಾರೆ. ಊರಲ್ಲಿ ಅಪ್ಪನ ಜಮೀನೋ, ಅಂಗಡಿಯೋ, ಸಣ್ಣ ಫ್ಯಾಕ್ಟರಿಯೋ ಇದೆ. ಡಿಗ್ರಿ ಮುಗಿಸಿ ವಾಪಸ್ ಹೋಗಬೇಕಾ ಬೇಡ್ವಾ ಅಂತ ಒಳಗೊಳಗೇ ಯೋಚಿಸ್ತಿರ್ತಾರೆ. ಅಲ್ಲಿ ಒಬ್ಬ ಅಣ್ಣ ಆಗಲೇ ದುಡೀತಾ ಇರ್ತಾನೆ, ಅವನಿಗೆ ಸಂಬಳ ಎಷ್ಟು, ಪಾಲು ಎಷ್ಟು ಅಂತ ಯಾರೂ ಬಾಯಿ ಬಿಟ್ಟು ಮಾತಾಡಿರಲ್ಲ. ಮಾತಾಡಿದ್ರೆ ಅಪ್ಪನಿಗೆ ಬೇಜಾರಾಗುತ್ತೆ ಅಂತ ಸುಮ್ಮನಿರ್ತಾರೆ. ಡೆವರೋ ಮನೆಯಲ್ಲೂ ಎಲ್ಲರೂ ಹಾಗೇ ಸುಮ್ಮನಿದ್ರು. ಮಾತು ಶುರುವಾದದ್ದು ಕೋರ್ಟಿನಲ್ಲಿ.

ಒಂದೂವರೆ ಗಂಟೆ ಬಿಡುವು ಮಾಡ್ಕೊಂಡು ನೋಡಿ. ಸಾಧ್ಯ ಆದ್ರೆ ಅಣ್ಣನ ಜೊತೆ, ತಮ್ಮನ ಜೊತೆ ಕೂತು ನೋಡಿ. ಬೆನ್ ಸರಿಯಾ ಜೋ ಸರಿಯಾ ಅಂತ ಆಮೇಲೆ ಜಗಳ ಆಡಿ. ಆ ಜಗಳ ಈಗಲೇ ಆಡಿ ಮುಗಿಸಿಬಿಡೋದು ಒಳ್ಳೇದು.